ಉಳದ ಹೊಲಕ್ಕೆ ಯಾವ ಕೂರಿಗೆ?

ಪ್ರಶ್ನೆ: ಉಳುಮೆ ತಗ್ಗಿಸಿ, ಎರಡು ಬೆಳೆಗಳ ನಡುವೆ ಮಣ್ಣು ಮುಚ್ಚಿಡುವ ಹೊದಿಕೆ ಬೆಳೆ ಬೆಳೆಯಬೇಕೆಂದಿದ್ದೇನೆ. ಡಿಸ್ಕ್ (ತಿರುಗುವ ದುಂಡು ಅಲಗಿನ) ಕೂರಿಗೆ ಕೊಳ್ಳಲೋ, ಟೈನ್ (ಮಣ್ಣು ಸೀಳುವ ಹಲ್ಲಿನ) ಕೂರಿಗೆಯೋ? ಹೊದಿಕೆ ಬೆಳೆಯನ್ನು ಮಲಗಿಸಿ ಕಾಂಡ ಜಜ್ಜಿ ಸಾಯಿಸುವ ಉರುಳೆ, ಅಂದರೆ ರೋಲರ್ ಕ್ರಿಂಪರ್ ಕೂಡ ಬೇಕೇ?

ಉತ್ತರ: ಟ್ರ್ಯಾಕ್ಟರಿನ ಅಶ್ವಶಕ್ತಿಗಿಂತ ಮೊದಲು ಹೊಲದಲ್ಲಿ ಉಳಿಯುವ ಕಸಕಡ್ಡಿಯನ್ನು ಗಮನಿಸಿ. ಎತ್ತರದ ಹೊದಿಕೆ ಬೆಳೆಯಲ್ಲಿ ಟೈನ್‌ಗಳಿಗೆ ಬಳ್ಳಿ ಸುತ್ತಿಕೊಂಡು ಕೂರಿಗೆ ಕಟ್ಟಿಕೊಳ್ಳುತ್ತದೆ; ಡಿಸ್ಕ್ ಅದನ್ನು ಕತ್ತರಿಸಿ ಸಾಗುತ್ತದೆಯಾದರೂ, ಹುಲ್ಲು ಒದ್ದೆಯಾಗಿದ್ದು ಅಲಗು ಮೊಂಡಾಗಿದ್ದರೆ, ಕತ್ತರಿಸುವ ಬದಲು ಮಡಚಿ ಸಾಲಿನೊಳಗೆ ತುರುಕುವುದರಿಂದ ಬೀಜಕ್ಕೆ ಮಣ್ಣಿನ ಸಂಪರ್ಕವೇ ತಪ್ಪುತ್ತದೆ. ಬಿತ್ತುವಾಗ ಕೆಳಗಿಳಿದು ಸಾಲನ್ನು ಬೆರಳಿನಿಂದ ಕೆದಕಿ ನೋಡಿ: ಬೀಜ ಹುಲ್ಲಿನ ಮಡಿಕೆಯಲ್ಲಿ ಕುಳಿತಿದ್ದರೆ ಬಿಸಿಲೇರುವವರೆಗೆ ಕಾಯುವುದು ಅಥವಾ ಅಲಗು ಬದಲಿಸುವುದು ಲೇಸು. ಕೂಳೆ ಗಿಡ್ಡವಾಗಿದ್ದರೆ ಟೈನ್ ಸಾಕು. ಕ್ರಿಂಪರ್ ಖರೀದಿಗೆ ಅವಸರ ಬೇಡ. ಹೂಬಿಡುವ ಮುನ್ನವೇ ಉರುಳಿಸಿದ ರೈ (ಹೊದಿಕೆಗಾಗಿ ಬೆಳೆಯುವ ಒಂದು ಧಾನ್ಯ) ಮತ್ತೆ ತಲೆಯೆತ್ತುವುದರಿಂದ, ಅಷ್ಟು ದಿನ ಬಿತ್ತನೆ ಮುಂದೂಡಲು ಸಾಧ್ಯವಿರುವವರಿಗೆ ಮಾತ್ರ ಅದು ಪ್ರಯೋಜನಕ್ಕೆ ಬರುತ್ತದೆ.