ಬಣ್ಣ ಆಮೇಲೆ, ಬಟ್ಟೆ ಮೊದಲು: ಕ್ರಿಸ್‌ಮಸ್ ಪಾರ್ಟಿಗೆ ಏನು ಉಡಲಿ, ಏನು ತೊಡಲಿ?

ಓದುಗರ ಪ್ರಶ್ನೆಗಳಿಗೆ ವಸ್ತ್ರವಿನ್ಯಾಸ ಮತ್ತು ಹೊಲಿಗೆ ತಜ್ಞರ ಉತ್ತರ

ಪ್ರಶ್ನೆ: ಡಿಸೆಂಬರ್ ಮೂರನೇ ವಾರ ಬೆಂಗಳೂರಿನಲ್ಲಿ ಕಚೇರಿಯ ಕ್ರಿಸ್‌ಮಸ್ ಪಾರ್ಟಿ ಇದೆ, ರಾತ್ರಿ, ತಾರಸಿಯ ಮೇಲೆ. 25ರ ಮಧ್ಯಾಹ್ನ ಮಂಗಳೂರಿನ ಗೆಳತಿಯ ಮನೆಯಲ್ಲಿ ಊಟ. ಎರಡಕ್ಕೂ ಆಗುವಂತೆ ಒಂದೇ ಕೆಂಪು ವೆಲ್ವೆಟ್ ಗೌನ್ ಹೊಲಿಸಬಹುದೇ?

ಬೇಡ. ಡಿಸೆಂಬರ್ ರಾತ್ರಿ ಬೆಂಗಳೂರಿನ ತಾರಸಿಯಲ್ಲಿ ಉಷ್ಣಾಂಶ 16-17 ಡಿಗ್ರಿಗೆ ಇಳಿಯುತ್ತದೆ, ಗಾಳಿಯೂ ಬೀಸುತ್ತದೆ. ಅಲ್ಲಿ ವೆಲ್ವೆಟ್ ಹಿತ. ಅದೇ ಗೌನ್ ತೊಟ್ಟು ಮಂಗಳೂರಿನ 32 ಡಿಗ್ರಿ ಮಧ್ಯಾಹ್ನದಲ್ಲಿ ಕೂತರೆ ಊಟ ಬಡಿಸುವ ಹೊತ್ತಿಗೆ ಬೆನ್ನು ನೆನೆದಿರುತ್ತದೆ. ಬೆವರಿನಲ್ಲಿ ಒದ್ದೆಯಾದ ವೆಲ್ವೆಟ್‌ನ ಎಳೆಗಳು ಅಂಟಿಕೊಂಡು ಮಲಗಿಬಿಡುತ್ತವೆ. ಒಣಗಿದ ಮೇಲೂ ಆ ಗುರುತು ಪೂರ್ತಿ ಹೋಗುವುದಿಲ್ಲ.

ವೆಲ್ವೆಟ್ ಮೇಲೆ ಮನಸ್ಸಿದ್ದರೆ ಗೌನ್ ಬದಲು ಮೊಣಕೈವರೆಗಿನ ತೋಳಿನ ಬ್ಲೌಸ್ ಅಥವಾ ಚಿಕ್ಕ ಜಾಕೆಟ್ ಹೊಲಿಸಿ. ಬೆಂಗಳೂರಿಗೆ ಅದರ ಜೊತೆ ಜಾರ್ಜೆಟ್ ಸೀರೆ ಉಡಿ. ಮಂಗಳೂರಿಗೆ ಬ್ಲೌಸ್ ಪೆಟ್ಟಿಗೆಯಲ್ಲೇ ಇರಲಿ. ಮಲ್ ಕಾಟನ್, ಲಿನನ್ ಅಥವಾ ತೆಳು ಕಾಟನ್-ಸಿಲ್ಕ್ ಉಟ್ಟು ಹೋಗಿ. ಒಂದೇ ಉಡುಪನ್ನು ಎರಡು ಕಡೆಗೂ ಎಳೆಯುವ ಬದಲು ಎರಡು ಸಾದಾ ಉಡುಪು ವಾಸಿ.

ಈಗ ಹೊಲಿಸುವ ವಿಷಯ. 44 ಇಂಚು ಅಗಲದ ಮಾಮೂಲಿ ಬಟ್ಟೆಯಲ್ಲಿ ಮೊಣಕೈ ತೋಳಿನ ಬ್ಲೌಸ್‌ಗೆ 1 ಮೀಟರ್ ಸಾಕು, ವೆಲ್ವೆಟ್ ಆದರೆ 1.25 ಮೀಟರ್ ಕೊಳ್ಳಿ. ವೆಲ್ವೆಟ್‌ಗೆ ದಿಕ್ಕಿದೆ. ಬಟ್ಟೆಯ ಉದ್ದಕ್ಕೆ ಕೈಯಾಡಿಸಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ತಡೆ. ತಡೆಯುವ ದಿಕ್ಕು ಕೆಳಮುಖವಾದರೆ ಬಣ್ಣ ಗಾಢ, ನುಣುಪು ಕೆಳಮುಖವಾದರೆ ಸ್ವಲ್ಪ ತಿಳಿ ಮತ್ತು ಹೊಳಪು. ಯಾವುದನ್ನು ಆರಿಸಿದರೂ ಮುಂಭಾಗ, ಬೆನ್ನು, ಎರಡೂ ತೋಳು ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಬಟ್ಟೆ ಉಳಿಸಲು ಒಂದು ತೋಳನ್ನು ತಿರುಗಿಸಿ ಕತ್ತರಿಸಿದರೆ ಅಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ; ಪಾರ್ಟಿಯ ಫೋಟೊದಲ್ಲಿ ಒಂದು ತೋಳು ಮರೂನ್, ಇನ್ನೊಂದು ಕೆಂಪು! ಬಟ್ಟೆ ಕೊಡುವಾಗಲೇ ಹಿಂಬದಿಯಲ್ಲಿ ಚಾಕ್‌ನಿಂದ ಬಾಣದ ಗುರುತು ಹಾಕಿ, ಟೈಲರ್ ಕಣ್ಣೆದುರೇ ಹಾಕಿ.

ಒಳಗೆ ಕಾಟನ್ ಲೈನಿಂಗ್ ಇರಲಿ. ಹೊಲಿಯುವ ಮುಂಚೆ ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಹಾಗೇ ಹೊಲಿದರೆ ಮೊದಲ ಒಗೆತಕ್ಕೆ ಲೈನಿಂಗ್ ಕುಗ್ಗುತ್ತದೆ, ಮೇಲಿನ ಬಟ್ಟೆ ಕುಗ್ಗುವುದಿಲ್ಲ, ಕಂಕುಳ ಸುತ್ತ ಸುಕ್ಕು ಎಳೆಯುತ್ತದೆ. ಪಕ್ಕದ ಹೊಲಿಗೆಯ ಒಳಗೆ ಎರಡೂ ಕಡೆ ಒಂದೊಂದು ಇಂಚು ಮಾರ್ಜಿನ್ ಬಿಡಿಸಿ. ವೆಲ್ವೆಟ್‌ನಲ್ಲಿ ಬಿಚ್ಚಿದ ಹೊಲಿಗೆಯ ಗೆರೆ ಉಳಿಯುತ್ತದೆ. ಹಾಗಾಗಿ ಟ್ರಯಲ್ ಮುಗಿಯುವವರೆಗೆ ಪಕ್ಕಕ್ಕೆ ಕೈಯಿಂದ ಹಾಕುವ ಕಚ್ಚಾ ಹೊಲಿಗೆಯೇ ಸಾಕೆಂದು ಹೇಳಿ.

ಎಳೆಗಳಿರುವ ಬದಿಗೆ ಇಸ್ತ್ರಿಪೆಟ್ಟಿಗೆ ತಾಗಿಸಲೇಬಾರದು. ದಪ್ಪ ಟವೆಲ್ ಮೇಲೆ ಆ ಬದಿ ಕೆಳಗಾಗಿ ಹಾಸಿ, ಹಿಂಬದಿಯಿಂದ ಆವಿ ಮಾತ್ರ ಕೊಡಿ. ಸ್ಟೀಮರ್ ಇಲ್ಲದಿದ್ದರೆ ಬಿಸಿನೀರು ಬಿಟ್ಟ ಬಚ್ಚಲುಮನೆಯಲ್ಲಿ ಹದಿನೈದು ನಿಮಿಷ ತೂಗುಹಾಕಿ. ಆಮೇಲೆ ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಟೈಲರ್ ಹತ್ತಿರ ಸಮಯ ಹಿಡಿಯುವುದೂ ಒಂದು ಲೆಕ್ಕ. ಡಿಸೆಂಬರ್ ಮೊದಲ ಎರಡು ವಾರ ಮದುವೆ ಬ್ಲೌಸ್‌ಗಳ ರಾಶಿ. 16ರ ಆಸುಪಾಸಿನಲ್ಲಿ ಧನುರ್ಮಾಸ ಹಿಡಿದ ಮೇಲೆ ಅದು ತಗ್ಗುತ್ತದೆ. ಆದರೆ ಅದನ್ನೇ ನಂಬಿ ಕಾದರೆ ಟ್ರಯಲ್‌ಗೆ ದಿನ ಉಳಿಯುವುದಿಲ್ಲ. ನವೆಂಬರ್ ಕೊನೆಗೆ ಬಟ್ಟೆ ಕೊಟ್ಟು, ಪಾರ್ಟಿಗೆ ಒಂದು ವಾರ ಮೊದಲು ಟ್ರಯಲ್ ಇಟ್ಟುಕೊಳ್ಳಿ.

ಪ್ರಶ್ನೆ: ಕ್ರಿಸ್‌ಮಸ್ ಎಂದರೆ ಕೆಂಪು-ಹಸಿರು ಅಂತಾರೆ. ಎರಡನ್ನೂ ಹಾಕಿದರೆ ನಾಟಕದ ವೇಷದಂತೆ ಕಾಣುವುದಿಲ್ಲವೇ?

ಎರಡನ್ನೂ ಸಮಸಮ ಹಾಕಿದರೆ ಕಾಣುತ್ತದೆ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ: ಕೆಂಪು ಒಡಲಿಗೆ ಹಸಿರು ಅಂಚಿನ ಜರಿ ಸೀರೆ ಉಟ್ಟರೆ ಕ್ರಿಸ್‌ಮಸ್ ಯಾರಿಗೂ ನೆನಪಾಗುವುದಿಲ್ಲ, ಧಾರೆ ಮಂಟಪದಿಂದ ನೇರ ಬಂದಿರೆಂದುಕೊಳ್ಳುತ್ತಾರೆ. ಒಂದು ಬಣ್ಣಕ್ಕೆ ಮುಕ್ಕಾಲು ಪಾಲು ಕೊಡಿ. ಇನ್ನೊಂದು ಓಲೆಯಲ್ಲೋ ಪರ್ಸಿನಲ್ಲೋ ಇದ್ದರೆ ಸಾಕು. ಬಾಟಲ್ ಗ್ರೀನ್ ಸೀರೆಗೆ ಮಂಕು ಚಿನ್ನದ ಬಣ್ಣದ ಬ್ಲೌಸ್, ವೈನ್ ಬಣ್ಣದ ಕುರ್ತಾಗೆ ಕೆನೆಬಣ್ಣದ ಪ್ಯಾಂಟ್, ಇಂಥವು ಹಬ್ಬದ ಕಳೆಯನ್ನೂ ಕೊಡುತ್ತವೆ, ಜನವರಿಯಲ್ಲೂ ಉಪಯೋಗಕ್ಕೆ ಬರುತ್ತವೆ.

ಬಣ್ಣವನ್ನು ಅಂಗಡಿಯ ಬಿಳಿ ಟ್ಯೂಬ್‌ಲೈಟ್ ಕೆಳಗೆ ಮಾತ್ರ ನೋಡಿ ಕೊಳ್ಳಬೇಡಿ. ಪಾರ್ಟಿಯಲ್ಲಿ ಇರುವುದು ಸಾಮಾನ್ಯವಾಗಿ ಹಳದಿ ದೀಪ, ಅದರ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಕೆಂಪು ಅಲ್ಲಿ ಇನ್ನಷ್ಟು ಉರಿಯುತ್ತದೆ, ಗಾಢ ಹಸಿರು ಕಪ್ಪಿಗೆ ತಿರುಗುತ್ತದೆ, ನೇವಿ ಬ್ಲೂ ಅಂತೂ ಕಪ್ಪೇ. ಹಸಿರು ಕೊಳ್ಳುವುದಾದರೆ ಮನಸ್ಸಿನಲ್ಲಿರುವುದಕ್ಕಿಂತ ಒಂದು ಛಾಯೆ ತಿಳಿಯದನ್ನು ಆರಿಸಿ.

ಕೆಂಪು ಕಾಟನ್ ಆದರೆ ಒದ್ದೆ ಬಿಳಿ ಕರ್ಚೀಫಿನಿಂದ ಸೆರಗಿನ ಒಳತುದಿಯನ್ನು ಹತ್ತು ಸಲ ಉಜ್ಜಿ ನೋಡಿ. ಕರ್ಚೀಫು ಗುಲಾಬಿಯಾದರೆ ಬಿಳಿ ಲೈನಿಂಗ್, ಬಿಳಿ ಪೆಟಿಕೋಟ್ ಎರಡೂ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತಿದೆ. ಬಣ್ಣ ಅದ್ದುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ, ಕೊಂಡು ತಂದ ಬಟ್ಟೆಯ ಮೇಲೆ ಇಲ್ಲ. ತಣ್ಣೀರಿನಲ್ಲಿ ಎರಡು-ಮೂರು ಸಲ ಬೇರೆಯಾಗಿ ಒಗೆದು ಹೆಚ್ಚುವರಿ ಬಣ್ಣ ಕಳೆಯುವುದೇ ದಾರಿ.

ಪ್ರಶ್ನೆ: ಕ್ರೈಸ್ತ ಸ್ನೇಹಿತರ ಜೊತೆ 24ರ ರಾತ್ರಿ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗಿ, ಅಲ್ಲಿಂದ ಅವರ ಮನೆಯ ಪಾರ್ಟಿಗೆ ಹೋಗುತ್ತೇವೆ. ಬಿಳಿ ಉಡಬಹುದೇ? ಕಪ್ಪು?

ಬಿಳಿ ಧಾರಾಳವಾಗಿ ಉಡಿ. ಕಥೋಲಿಕ ಚರ್ಚಿನಲ್ಲಿ ಕ್ರಿಸ್‌ಮಸ್ ದಿನ ಗುರುಗಳು ತೊಡುವ ಪೂಜಾವಸ್ತ್ರದ ಬಣ್ಣವೇ ಬಿಳಿ ಅಥವಾ ಬಂಗಾರ. ಕೆನೆಬಣ್ಣಕ್ಕೆ ಸಣ್ಣ ಜರಿಯಂಚು ಈ ರಾತ್ರಿಗೆ ಹೇಳಿ ಮಾಡಿಸಿದ್ದು. ಕಪ್ಪಿಗೆ ನಿಷೇಧವೇನೂ ಇಲ್ಲ. ಆದರೆ ಅಡಿಯಿಂದ ಮುಡಿವರೆಗೆ ಕಪ್ಪು ಇಲ್ಲಿನ ಅನೇಕ ಕ್ರೈಸ್ತ ಮನೆಗಳಲ್ಲಿ ಶೋಕದ ಉಡುಪು. ಹಿರಿಯರಿರುವ ಮನೆಗೆ ಬೇಡ, ಕಚೇರಿ ಪಾರ್ಟಿಗೆ ಅಡ್ಡಿಯಿಲ್ಲ.

ಭುಜ ಮುಚ್ಚಿರಲಿ. ಪೂಜೆಯ ನಡುವೆ ಮೊಣಕಾಲೂರಬೇಕಾಗುತ್ತದೆ. ಗೌನ್ ಆದರೆ ಮನೆಯಲ್ಲೇ ಒಮ್ಮೆ ಮೊಣಕಾಲೂರಿ ಎದ್ದು ನೋಡಿ: ಅಂಚು ಹಿಮ್ಮಡಿಗೆ ಸಿಕ್ಕಿಕೊಂಡರೆ ಒಂದು ಇಂಚು ಮಡಚಿ ಹೊಲಿಸಿ. ಅಂಚಿನ ಅಳತೆಯನ್ನು ಅಂದು ತೊಡುವ ಚಪ್ಪಲಿ ಹಾಕಿಕೊಂಡೇ ತೆಗೆಯಬೇಕು, ನೆಲದಿಂದ ಎರಡು ಸೆಂಟಿಮೀಟರ್ ಮೇಲಿದ್ದರೆ ಸರಿ. ಚರ್ಚ್ ಮೈದಾನದಲ್ಲಿ ಬಯಲಲ್ಲೇ ಪೂಜೆ ನಡೆಯುವ ಕಡೆ ಇಬ್ಬನಿ ಬೀಳುತ್ತದೆ, ಒಂದು ಶಾಲು ಇರಲಿ. ಚೂಪು ಹೀಲ್ಸ್ ಹುಲ್ಲಿನಲ್ಲಿ ಹೂತುಹೋಗುತ್ತದೆ, ಅಗಲ ಹಿಮ್ಮಡಿಯದನ್ನು ತೊಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಚಮಕಿ ತುಂಬಿದ ರೆಡಿಮೇಡ್ ಉಡುಪು ತರಿಸಿದೆ. ಸೊಂಟದಲ್ಲಿ ಸಡಿಲ, ಕಂಕುಳಲ್ಲಿ ಚುಚ್ಚುತ್ತದೆ. ಸರಿಪಡಿಸಬಹುದೇ?

ಸರಿಪಡಿಸಬಹುದು. ಆದರೆ ಚಮಕಿಯ ಮೇಲೇ ಮಷಿನ್ ಓಡಿಸುವ ಟೈಲರ್‌ಗೆ ಕೊಡಬೇಡಿ. ಸೂಜಿ ಮುರಿಯುತ್ತದೆ, ಒಡೆದ ಚಮಕಿಯ ಅಂಚು ಇನ್ನಷ್ಟು ಚುಚ್ಚುತ್ತದೆ. ಹೊಸ ಹೊಲಿಗೆ ಬರುವ ಗೆರೆಯ ಎರಡೂ ಬದಿ ಅರ್ಧ ಸೆಂಟಿಮೀಟರ್‌ನಷ್ಟು ಚಮಕಿಗಳನ್ನು ಮೊದಲು ಬಿಡಿಸಬೇಕು. ದಾರ ಕತ್ತರಿಸಬಾರದು, ಬಿಲ್ಲೆಯನ್ನೇ ಕತ್ತರಿಸಿ ತೆಗೆಯಬೇಕು. ಏಕೆಂದರೆ ಮಷಿನ್ ಚಮಕಿಯನ್ನು ಹೆಚ್ಚಾಗಿ ಸರಪಳಿ ಹೊಲಿಗೆಯಲ್ಲಿ ಕೂರಿಸಿರುತ್ತಾರೆ, ಒಂದು ಕಡೆ ದಾರ ತುಂಡಾದರೆ ಸಾಲಿಗೆ ಸಾಲೇ ಉದುರುತ್ತದೆ. ಹೊಲಿದ ಮೇಲೆ ಗೆರೆಯಲ್ಲಿ ಬೋಳು ಕಂಡರೆ ಬಿಡಿ ಚಮಕಿಗಳನ್ನು ಕೈಯಲ್ಲಿ ಕೂರಿಸಬಹುದು. ಸೊಂಟವನ್ನು ಎರಡು ಇಂಚಿನವರೆಗೆ ಹೀಗೆ ಹಿಡಿಸಬಹುದು. ಭುಜ ದೊಡ್ಡದಾಗಿದ್ದರೆ ಆ ಗೋಜು ಬೇಡ, ವಾಪಸ್ ಕಳಿಸಿ.

ಚುಚ್ಚುವುದಕ್ಕೆ ಕಂಕುಳ ಸುತ್ತ ಎರಡು ಇಂಚು ಅಗಲದ ಮೆತ್ತನೆ ಸ್ಯಾಟಿನ್ ಪಟ್ಟಿಯನ್ನು ಒಳಗಿನಿಂದ ಹೊರಕ್ಕೆ ಮಡಚಿ ಹೊಲಿಸಿ. ಬಿಸಿ ಇಸ್ತ್ರಿ ತಾಗಿದರೆ ಪ್ಲಾಸ್ಟಿಕ್ ಚಮಕಿ ಮುದುಡುತ್ತದೆ. ಸೆಂಟ್ ನೇರ ಸಿಂಪಡಿಸಿದರೆ ಹೊಳಪು ಮಂಕಾಗಬಹುದು. ಮೈಗೆ ಹಚ್ಚಿ, ಆರಿದ ಮೇಲೆ ತೊಡಿ. ಇದರ ಮೇಲೆ ನೆಟ್ ದುಪಟ್ಟಾ ಬೇಡವೇ ಬೇಡ. ಹೆಜ್ಜೆಹೆಜ್ಜೆಗೂ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಆಮಂತ್ರಣದಲ್ಲಿ ‘ಸ್ಮಾರ್ಟ್ ಕ್ಯಾಶುವಲ್’ ಎಂದಿದೆ. ಗಂಡಸರಿಗೆ ಅದರ ಅರ್ಥವೇನು? ಹೊಸ ಬ್ಲೇಜರ್ ಕೊಳ್ಳಬೇಕೇ?

ಟೈ ಬೇಡ, ಟೀ ಶರ್ಟೂ ಬೇಡ ಎಂದು ಅರ್ಥ. ಕಾಲರ್ ಇರುವ ಶರ್ಟು, ಬಟ್ಟೆಯ ಪ್ಯಾಂಟು ಅಥವಾ ಹರಿಯದ ಗಾಢ ಜೀನ್ಸ್, ಶೂ. ಬ್ಲೇಜರ್ ಕಡ್ಡಾಯವಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಗಾಢ ಹಸಿರು ಸ್ವೆಟರ್ ತೊಟ್ಟರೂ ಮರ್ಯಾದೆಯಾಗಿಯೇ ಕಾಣುತ್ತದೆ.

ಕೊಳ್ಳುವುದಾದರೆ ಮೊದಲು ಭುಜ ನೋಡಿ: ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಸೊಂಟ, ತೋಳಿನ ಉದ್ದ ಆಲ್ಟ್ರೇಷನ್‌ನಲ್ಲಿ ಸರಿಹೋಗುತ್ತವೆ, ಭುಜ ಸರಿ ಮಾಡಹೊರಟರೆ ಕೋಟನ್ನೇ ಬಿಚ್ಚಿ ಹೊಲಿದಂತೆ. ತೋಳಿನ ಕೆಳಗೆ ಶರ್ಟಿನ ಕಫ್ ಒಂದು ಸೆಂಟಿಮೀಟರ್ ಕಾಣಲಿ. ಪಾರ್ಟಿಗೆ ಹೋಗುವ ಮುನ್ನ ಬೆನ್ನಿನ ಸೀಳನ್ನು ಹಿಡಿದಿರುವ ಅಡ್ಡ ದಾರವನ್ನೂ ತೋಳಿನ ಮೇಲಿನ ಲೇಬಲನ್ನೂ ಬಿಡಿಸಿ. ದಾರ ಅಂಗಡಿಯಲ್ಲಿ ಸೀಳು ಮಡಿಕೆ ಬೀಳದಿರಲು ಹಾಕಿದ್ದು, ಲೇಬಲ್ ಬರೀ ಗುರುತಿಗೆ; ಎಷ್ಟೋ ಜನ ಹಾಗೇ ತೊಟ್ಟು ತಿರುಗುತ್ತಾರೆ. ಕೊನೆಯ ಗುಂಡಿ ಹಾಕುವುದಿಲ್ಲ. ಇಸ್ತ್ರಿ ಮಾಡುವಾಗ ಮೇಲೆ ಒದ್ದೆ ಕಾಟನ್ ಬಟ್ಟೆ ಹಾಸಿ. ಮಿಶ್ರ ನೂಲಿನ ಬಟ್ಟೆಗೆ ಪೆಟ್ಟಿಗೆ ನೇರ ತಾಗಿದರೆ ಹೊಲಿಗೆ ಇರುವಲ್ಲೆಲ್ಲ ಹೊಳೆಯುವ ಗೆರೆ ಮೂಡುತ್ತದೆ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಕಂಪನಿಯ ಕ್ರಿಸ್‌ಮಸ್ ಡಿನ್ನರ್‌ಗೆ ‘ಬ್ಲ್ಯಾಕ್ ಟೈ’ ಎಂದು ಬರೆದಿದ್ದಾರೆ. ಸೀರೆ ನಡೆಯುತ್ತದೆಯೇ? ಚಳಿಗೆ ಏನು ಮಾಡುವುದು?

ನಡೆಯುತ್ತದೆ. ಬ್ಲ್ಯಾಕ್ ಟೈ ಎಂದರೆ ಅಲ್ಲಿ ಗಂಡಸರಿಗೆ ಡಿನ್ನರ್ ಜಾಕೆಟ್, ಹೆಂಗಸರಿಗೆ ಉದ್ದ ಗೌನ್. ಆ ಸಾಲಿಗೆ ರೇಷ್ಮೆ ಸೀರೆ ಸಲೀಸಾಗಿ ಸೇರುತ್ತದೆ. ನಿಮ್ಮ ಯಜಮಾನರು ಕಪ್ಪು ಬಂದ್‌ಗಲಾ (ಕುತ್ತಿಗೆ ಮುಚ್ಚುವ ಕೋಟು) ತೊಡಬಹುದು. ಹಿಮಸಾರಂಗದ ಚಿತ್ರದ ಸ್ವೆಟರ್ ಈ ಡಿನ್ನರ್‌ಗೆ ಅಲ್ಲ, ಎಲ್ಲರೂ ಹಬ್ಬದ ಸ್ವೆಟರ್ ತೊಟ್ಟು ಬರುವ ಕಚೇರಿಯ ‘ಜಂಪರ್ ದಿನ’ಕ್ಕೆ.

ಸೀರೆಗಳಲ್ಲಿ ಮೈಸೂರು ಸಿಲ್ಕ್ ಕ್ರೇಪ್ ಉತ್ತಮ. ಬಿಗಿಯಾಗಿ ಹುರಿಮಾಡಿದ ನೂಲಾದ್ದರಿಂದ ಸುಕ್ಕು ಕಡಿಮೆ, ಕೋಟಿನ ಕೆಳಗೂ ಉಬ್ಬದೆ ಇಳಿಬೀಳುತ್ತದೆ. ಆರ್ಗಾಂಜಾ ಸೀರೆಯಾದರೆ ಕೋಟಿನೊಳಗೆ ಒಮ್ಮೆ ಮಡಚಿದರೆ ರಾತ್ರಿಯಿಡೀ ಮಡಿಕೆ ಹೊತ್ತಿರುತ್ತದೆ. ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಅದರ ಮೇಲೆ ಕಾಟನ್ ಪೆಟಿಕೋಟ್. ಹೀಟರ್ ಹಾಕಿದ ಕೋಣೆಯ ಒಣಗಾಳಿಯಲ್ಲಿ ಪಾಲಿಯೆಸ್ಟರ್ ಪೆಟಿಕೋಟ್ ವಿದ್ಯುತ್ ಹಿಡಿದು ನೆರಿಗೆಯನ್ನೆಲ್ಲ ಕಾಲಿಗೆ ಅಂಟಿಸುತ್ತದೆ. ಸ್ವೆಟರ್ ಬದಲು ಮೊಣಕಾಲಿನ ಕೆಳಗಿಳಿಯುವ ಉದ್ದ ಕೋಟು ಹಾಕಿ, ಸಭಾಂಗಣದ ಬಾಗಿಲಲ್ಲಿ ಕಳಚಿಕೊಡಿ. ಒದ್ದೆ ರಸ್ತೆಯಲ್ಲಿ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಪಿನ್ ಮಾಡಿ, ಬೂಟಿನಲ್ಲಿ ನಡೆಯಿರಿ. ಚಪ್ಪಲಿ ಚೀಲದಲ್ಲಿರಲಿ.

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಸಾಂಟಾ ವೇಷ ಹಾಕಿಸುತ್ತಿದ್ದೇವೆ. ಏನು ಗಮನಿಸಬೇಕು?

ಬೆಂಕಿ, ಮೊದಲು ಅದು. ಅಗ್ಗದ ಸಾಂಟಾ ಉಡುಪು ಪಾಲಿಯೆಸ್ಟರ್, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಅಂಟಿಸಿದ ಗಡ್ಡ ಇನ್ನೂ ಬೇಗ ಹೊತ್ತಿಕೊಳ್ಳುತ್ತದೆ. ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿ) ಮುಂದೆ ಮೇಣದಬತ್ತಿ ಇದ್ದರೆ, ಪಟಾಕಿ ಹಚ್ಚುತ್ತಿದ್ದರೆ ಮಗುವನ್ನು ಈ ವೇಷದಲ್ಲಿ ಹತ್ತಿರ ಬಿಡಬೇಡಿ. ಗಡ್ಡ ಫೋಟೊಗೆ ಮಾತ್ರ. ಒಳಗೆ ಪೂರ್ತಿ ತೋಳಿನ ಕಾಟನ್ ಬನಿಯನ್ ಹಾಕಲು ಜಾಗವಾಗುವಂತೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಪ್ಯಾಂಟಿನ ತುದಿ ಮಾತ್ರ ಕಾಲಿನ ಗಂಟಿನವರೆಗೆ ಮಡಚಿ ಹೊಲಿಯಿರಿ. ಬಾಡಿಗೆ ವೇಷವಾದರೆ ತಂದ ದಿನವೇ ಒಗೆದು ಬಿಸಿಲಿಗೆ ಹಾಕಿ.

ಪ್ರಶ್ನೆ: ವೈನ್, ಕೇಕ್, ಮೇಣ. ಬಟ್ಟೆಗೆ ಬಿದ್ದರೆ?

ವೈನ್ ಬಿದ್ದ ಕೂಡಲೇ ಟಿಶ್ಯೂ ಒತ್ತಿ ಹೀರಿಸಿ, ಉಜ್ಜಬೇಡಿ. ಕಾಟನ್ ಆದರೆ ಹಿಂಬದಿಯಿಂದ ತಣ್ಣೀರು ಬಿಡಿ. ರೇಷ್ಮೆಗೆ ನೀರು ಹಾಕಿ ತಿಕ್ಕಿದರೆ ಹೊಳಪು ಹೋಗಿ ಕಲೆಗಿಂತ ದೊಡ್ಡ ಮಚ್ಚೆ ಉಳಿಯುತ್ತದೆ. ಮರುದಿನವೇ ಡ್ರೈಕ್ಲೀನ್‌ಗೆ ಕೊಟ್ಟು, ಬಿದ್ದಿದ್ದು ವೈನ್ ಎಂದು ಹೇಳಿ. ಕೇಕಿನ ಬೆಣ್ಣೆ, ಕ್ರಿಸ್‌ಮಸ್‌ಗೆ ಮಾಡುವ ಕುಸ್ವಾರ್ ತಿಂಡಿಗಳ ಎಣ್ಣೆಗೆ ಟಾಲ್ಕಂ ಪೌಡರ್ ದಪ್ಪಗೆ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಕೊಡವಿ. ಮೇಣವನ್ನು ಬಿಸಿಯಿರುವಾಗ ಮುಟ್ಟಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಐಸ್ ಹಾಕಿ ಅದರ ಮೇಲಿಟ್ಟು ಗಟ್ಟಿಯಾಗಿಸಿ, ಚಮಚದ ಹಿಡಿಯಿಂದ ಎಬ್ಬಿಸಿ. ಉಳಿದದ್ದನ್ನು ಎರಡು ಟಿಶ್ಯೂ ಕಾಗದಗಳ ನಡುವೆ ಇಟ್ಟು ಬೆಚ್ಚಗಿನ ಇಸ್ತ್ರಿ ಒತ್ತಿದರೆ ಕಾಗದ ಹೀರಿಕೊಳ್ಳುತ್ತದೆ. ವೆಲ್ವೆಟ್‌ಗೂ ಚಮಕಿಗೂ ಈ ಇಸ್ತ್ರಿ ಉಪಾಯ ಬೇಡ. ಅವಕ್ಕೆ ಐಸ್‌ವರೆಗೆ ಮಾತ್ರ ನೀವು ಮಾಡಿ, ಮುಂದಿನದು ಡ್ರೈಕ್ಲೀನರ್ ಕೆಲಸ.