ಬಿಡುಗಡೆಗೆ ಮುಂಚಿನ ಏಳು ದಿನ

ಗದಗ ಜಿಲ್ಲೆಯ ನಾಲ್ವರು ಗೆಳೆಯರು ಪತ್ರ ಬರೆದಿದ್ದಾರೆ. ಒಬ್ಬರ ಅಜ್ಜಿ ಹಾಡುತ್ತಿದ್ದ ಬೀಸುವ ಪದಕ್ಕೆ ಚೌಡಿಕೆ, ಗಿಟಾರು ಸೇರಿಸಿ ಕೈಯಿಂದಲೇ ಖರ್ಚು ಹಾಕಿ ರೆಕಾರ್ಡ್ ಮಾಡಿದ್ದಾರೆ. ಇನ್ನೂ ಎರಡು ಹಾಡು ಸಿದ್ಧವಾಗಿವೆ. ಚೌಡಿಕೆ ನುಡಿಸಿದ ಹಿರಿಯರಿಗೆ ಅರ್ಧ ಹಣ ಕೊಡುವುದು ಬಾಕಿಯಿದೆಯಂತೆ. ಈ ನಡುವೆ ಏಜೆಂಟನೊಬ್ಬ ಫೋನ್ ಮಾಡಿ, ಎಂಟು ಸಾವಿರ ರೂಪಾಯಿ ಕೊಟ್ಟರೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈನ ದೊಡ್ಡ ಪ್ಲೇಲಿಸ್ಟಿಗೆ ಹಾಕಿಸುತ್ತೇನೆ, 50,000 ಸ್ಟ್ರೀಮ್, ಅಂದರೆ ಅಷ್ಟು ಸಲ ಹಾಡು ಓಡುವುದು ಗ್ಯಾರಂಟಿ ಎಂದಿದ್ದಾನೆ. ‘ಕೊಡೋಣವೇ? ಕೊಡದಿದ್ದರೆ ನಮ್ಮಂಥವರಿಗೆ ಬೇರೆ ದಾರಿ ಇದೆಯೇ?’ ಎಂಬುದು ಅವರ ಪ್ರಶ್ನೆ.

ಪ್ರಿಯ ಗೆಳೆಯರೇ,

ಕೊಡಬೇಡಿ. ಸ್ಪಾಟಿಫೈನ ಸಂಪಾದಕರು ತಾವೇ ಆರಿಸುವ ಪ್ಲೇಲಿಸ್ಟುಗಳಲ್ಲಿ ಜಾಗ ಮಾರಾಟಕ್ಕಿಲ್ಲ. ಸ್ಟ್ರೀಮ್ ಗ್ಯಾರಂಟಿ ಎನ್ನುವವರು ಸಾಮಾನ್ಯವಾಗಿ ಯಂತ್ರಗಳ ಕೈಲಿ ಹಾಡು ಓಡಿಸುತ್ತಾರೆ. ಹಾಗೆ ಮೋಸಹೋದ ಹುಡುಗನೊಬ್ಬ ನಮ್ಮ ಕಚೇರಿಗೆ ಬಂದು ಮೊಬೈಲ್ ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಗ್ರಾಫು ಒಂದೇ ರಾತ್ರಿಯಲ್ಲಿ ತೇರಿನಷ್ಟೆತ್ತರ ಎದ್ದು ಮೂರನೇ ದಿನ ನೆಲ ಕಚ್ಚಿತ್ತು. ಕೇಳಿದವರೆಲ್ಲ ಅವನು ಹೆಸರೇ ಅರಿಯದ ಒಂದೇ ಊರಿನವರು. ಸೇವ್ ಮಾಡಿಕೊಂಡವರು ಮೂವರು, ಅವರಲ್ಲಿ ಒಬ್ಬಳು ಅವನ ತಂಗಿ. ಆಮೇಲೆ ವಿತರಕರು, ಅಂದರೆ ಹಾಡನ್ನು ಸ್ಪಾಟಿಫೈಗೆ ತಲುಪಿಸುವ ಕಂಪನಿಯವರು, ಹಾಡನ್ನೇ ತೆಗೆದುಹಾಕಿದರು. ನಕಲಿ ಸ್ಟ್ರೀಮ್ ಹೆಚ್ಚಾಗಿ ಕಂಡುಬಂದರೆ 2024ರಿಂದ ಸ್ಪಾಟಿಫೈ ವಿತರಕರಿಗೇ ದಂಡ ಹಾಕುತ್ತದೆ. ಹಾಗಾಗಿ ಅವರು ನಿಮ್ಮ ಮಾತು ಕೇಳುವ ಗೋಜಿಗೂ ಹೋಗಲಿಕ್ಕಿಲ್ಲ.

ದಾರಿ ಖಂಡಿತ ಇದೆ, ಅದಕ್ಕೆ ದುಡ್ಡೂ ಬೇಡ. ಕಲಾವಿದರಿಗೆಂದೇ ಇರುವ ‘ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್’ ತಾಣದಲ್ಲಿ ನಿಮ್ಮ ಪುಟವನ್ನು ನಿಮ್ಮದೆಂದು ಖಾತ್ರಿ ಮಾಡಿಸಿಕೊಂಡರೆ, ಇನ್ನೂ ಬಿಡುಗಡೆಯಾಗದ ಹಾಡನ್ನು ಸಂಪಾದಕರ ಮುಂದಿಡಬಹುದು. ಬಿಡುಗಡೆಯಾದ ಮೇಲೆ ಆ ಬಾಗಿಲು ಮುಚ್ಚಿತು. ಕಡೇಪಕ್ಷ ಏಳು ದಿನ ಮುಂಚೆ ಹೀಗೆ ಮಾಡಿದರೆ, ಸಂಪಾದಕರು ಆರಿಸಲಿ ಬಿಡಲಿ, ನಿಮ್ಮನ್ನು ಫಾಲೋ ಮಾಡುವವರ ‘ರಿಲೀಸ್ ರೇಡಾರ್’ ಎಂಬ ಹೊಸ ಹಾಡುಗಳ ಪಟ್ಟಿಗೆ ಹಾಡು ಹೋಗುತ್ತದೆ. ನಾನಾಗಿದ್ದರೆ ಮೂರು ವಾರ ಮುಂಚೆಯೇ ಮುಗಿಸುತ್ತಿದ್ದೆ. ಒಂದು ಸಲಕ್ಕೆ ಒಂದೇ ಹಾಡಿಗೆ ಅವಕಾಶವಿರುವುದರಿಂದ ಬೀಸುವ ಪದವನ್ನೇ ಮೊದಲು ಕಳಿಸಿ.

ಹಾಡಿನ ಬಗ್ಗೆ ಬರೆಯಲು ಅಲ್ಲಿ ಸಿಗುವುದು 500 ಅಕ್ಷರಗಳ ಜಾಗ. ನೀವು ಕಳಿಸಿದ ಕರಡಿನಲ್ಲಿ ‘ಎಲ್ಲರ ಮನ ಮುಟ್ಟುವ ಭಾವಪೂರ್ಣ ಗೀತೆ’ ಎಂದಿದೆ. ಈ ಮಾತು ಯಾವ ಹಾಡಿಗೂ ಸಲ್ಲುತ್ತದೆ. ನಸುಕಿನಲ್ಲಿ ಜೋಳ ಬೀಸುತ್ತಾ ಅಜ್ಜಿ ಹಾಡುತ್ತಿದ್ದ ಪದ ಇದು, ಅವರ ಬೀಸುಕಲ್ಲಿನ ಸದ್ದನ್ನೇ ಮನೆಯಲ್ಲಿ ಹಿಡಿದು ತಾಳಕ್ಕೆ ಇಟ್ಟುಕೊಂಡಿದ್ದೇವೆ, ಜೊತೆಗೆ ಚೌಡಿಕೆಯಿದೆ ಎಂದು ಬರೆಯಿರಿ. ಇಷ್ಟೆಲ್ಲ ಪತ್ರದಲ್ಲಿ ನನಗೆ ಹೇಳಿದವರು ಸಂಪಾದಕರಿಗೆ ಯಾಕೆ ಹೇಳಲಿಲ್ಲ? ಭಾಷೆಯ ಕಡೆ ಕನ್ನಡ ಎಂದು ಗುರುತು ಮಾಡಲು ಮರೆಯಬೇಡಿ. ಸಾಹಿತ್ಯದ ಕಡೆ ನಿಮ್ಮ ಹೆಸರು ಬೇಡ, ಜನಪದ ಎಂದಿರಲಿ. ಕೊನೆಯ ನುಡಿಯಲ್ಲಿ ಅಜ್ಜಿಯ ದನಿ ಇರುವುದರಿಂದ ಹಾಡಿದವರ ಸಾಲಿನಲ್ಲಿ ಅವರ ಹೆಸರು ಇರಲೇಬೇಕು.

ಹಾಡನ್ನು ನಾಲ್ಕು ಸಲ ಕೇಳಿದೆ. ಶುರುವಿಗೆ 40 ಸೆಕೆಂಡು ಬರೀ ಕೀಬೋರ್ಡ್ ಇದೆ. ಕೇಳುಗರು 30 ಸೆಕೆಂಡು ನಿಂತರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. ಆ ಲೆಕ್ಕ ಇರದಿದ್ದರೂ ಅದನ್ನು ತೆಗೆಯಿರಿ ಎನ್ನುತ್ತಿದ್ದೆ, ಯಾಕೆಂದರೆ ಅದರ ಹಿಂದೆ ಬೀಸುಕಲ್ಲು ಅಡಗಿ ಕೂತಿದೆ. ಗರಗರ ಸದ್ದಿನಿಂದಲೇ ಹಾಡು ಏಳಲಿ.

ಇನ್ನೊಂದು ವಿಷಯ. 12 ತಿಂಗಳಲ್ಲಿ 1,000 ಸ್ಟ್ರೀಮ್ ದಾಟದ ಹಾಡಿಗೆ ಸ್ಪಾಟಿಫೈ 2024ರಿಂದ ರಾಯಲ್ಟಿ ಕೊಡುವುದಿಲ್ಲ. ಚಿಕ್ಕ ಭಾಷೆ, ಚಿಕ್ಕ ಊರಿನ ಹಾಡುಗಾರರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಆ ಮೊದಲ ಸಾವಿರವನ್ನು ನಮ್ಮ ಜನರಿಂದಲೇ ಕೂಡಿಸಬಹುದು. ‘ಫಾರ್ವರ್ಡ್ ಮಾಡಿ’ ಎಂದು ಗ್ರೂಪುಗಳಿಗೆ ಎಸೆಯಬೇಡಿ. ಒಬ್ಬೊಬ್ಬರಿಗೇ ಬರೆದು, ಪೂರ್ತಿ ಕೇಳಿ, ಹಿಡಿಸಿದರೆ ಸೇವ್ ಮಾಡಿಕೊಳ್ಳಿ ಎನ್ನಿ. ಜನಪದ ಹಾಡುಗಳ ಪಟ್ಟಿ ಮಾಡಿಟ್ಟುಕೊಂಡ ಕೇಳುಗರು ಬೇಕಾದಷ್ಟಿದ್ದಾರೆ, ಅವರನ್ನೂ ಹುಡುಕಿ ಬರೆಯಿರಿ. ಹೀಗೆ ನಿಜವಾಗಿ ಕೇಳಿ ಉಳಿಸಿಕೊಂಡವರು ಹೆಚ್ಚಿದಂತೆ, ಅವರವರ ಅಭಿರುಚಿ ನೋಡಿ ಯಂತ್ರವೇ ಜೋಡಿಸುವ ಪಟ್ಟಿಗಳಲ್ಲೂ ಹಾಡು ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.

ಆ ಎಂಟು ಸಾವಿರ ಈಗಾಗಲೇ ಒಟ್ಟಾಗಿದ್ದರೆ, ಬಿಡುಗಡೆಗೆ ಮುಂಚೆಯೇ ಚೌಡಿಕೆಯ ಹಿರಿಯರ ಮನೆಗೆ ಹೋಗಿ ಬಾಕಿ ಚುಕ್ತಾ ಮಾಡಿ ಬನ್ನಿ.