ಪಿಟೀಲಿನೊಳಗೆ ಬಿದ್ದ ಕಡ್ಡಿಗೆ ಅಂಟು ಹಚ್ಚಬೇಡಿ

ಪ್ರಶ್ನೆ: ಹೊಸ ತಂತಿ ಹಾಕಲು ನಾಲ್ಕನ್ನೂ ಒಟ್ಟಿಗೆ ಬಿಚ್ಚಿದೆ. ಒಳಗಿನ ಕಡ್ಡಿ ಬಿದ್ದು ಗಲಗಲ ಅನ್ನುತ್ತಿದೆ. ಅಂಟು ಹಚ್ಚಿ ನಿಲ್ಲಿಸಲೇ?

ಉತ್ತರ: ಬೇಡ. ಎಷ್ಟನೆಯ ಸಲವೋ ಇದೇ ಉತ್ತರ. ತಂತಿಗಳನ್ನು ಒಂದೊಂದಾಗಿ ಬದಲಿಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಆ ಕಡ್ಡಿ, ಅಂದರೆ ಸೌಂಡ್‌ಪೋಸ್ಟ್, ಪಿಟೀಲಿನ ಮೇಲಿನ, ಕೆಳಗಿನ ಹಲಗೆಗಳ ನಡುವೆ ಬರೀ ಒತ್ತಡದಿಂದ ನಿಲ್ಲುವಂಥದ್ದು. ಅದಿಲ್ಲದೆ ಶ್ರುತಿ ಏರಿಸಲೇಬೇಡಿ. ನಾಲ್ಕೂ ತಂತಿಗಳ ಎಳೆತ ಸೇರಿ 20 ಕಿಲೋ ದಾಟುತ್ತದೆ. ತಂತಿಗಳನ್ನು ಹೊರುವ ಕುದುರೆಯ (ಬ್ರಿಜ್) ಕಾಲಿನಡಿ ಮೇಲಿನ ಹಲಗೆ ಕುಸಿದು ಸೀಳಬಹುದು.

ಪೋಸ್ಟ್ ಸುಮಾರು 6 ಮಿ.ಮೀ. ದಪ್ಪದ ಸ್ಪ್ರೂಸ್ ಮರದ ಕಡ್ಡಿ. ಎಲ್ಲಕ್ಕಿಂತ ತೆಳುವಾದ ಇ ತಂತಿಯ ಬದಿಯ ಕುದುರೆ ಕಾಲಿಗೆ ನೇರ ಕೆಳಗಲ್ಲ, ಅದರಿಂದ 2–3 ಮಿ.ಮೀ. ಹಿಂದೆ, ತಂತಿಗಳ ಕೆಳತುದಿ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ ನಿಲ್ಲಬೇಕು. ಕಡ್ಡಿಯ ಮರದ ಎಳೆ ಹಲಗೆಯ ಮರದ ಎಳೆಗೆ ಅಡ್ಡವಾಗಿರಲಿ. ಒಂದೇ ದಿಕ್ಕಿಗಿದ್ದರೆ ಅದರ ಗಟ್ಟಿ ಎಳೆಗಳು ಹಲಗೆಯ ಮೆದು ಎಳೆಗಳಲ್ಲಿ ಹೂತುಕೊಳ್ಳುತ್ತವೆ. ಎರಡೂ ತುದಿಗಳನ್ನು ಹಲಗೆಯ ಒಳಬಾಗಿಗೆ ತಕ್ಕಂತೆ ಓರೆಯಾಗಿ ಕೊಯ್ದಿರಬೇಕು. ಮೇಲಿನ ಹಲಗೆಯ ಎಫ್ ಆಕಾರದ ರಂಧ್ರದಿಂದ ಬೆಳಕು ಬಿಟ್ಟು, ಪಿಟೀಲಿನ ಬುಡದ ಎಂಡ್‌ಪಿನ್ ತೂತಿನಿಂದ ನೋಡಿದಾಗ ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಅದು ಸರಿಯಾಗಿ ಕೂತಿಲ್ಲ.

ಕಡ್ಡಿ ಕುಳ್ಳಾದರೆ ಅಂಚಿನ ಕಡೆ ತಳ್ಳಿದರಷ್ಟೇ ನಿಲ್ಲುತ್ತದೆ, ಏಕೆಂದರೆ ಹಲಗೆಯ ಉಬ್ಬು ನಡುವೆಯೇ ಹೆಚ್ಚು. ಉದ್ದನೆಯದನ್ನು ಬಲವಂತವಾಗಿ ತುರುಕಿದರೆ ಹಲಗೆ ಉಬ್ಬಿ, ಅಲ್ಲಿಂದಲೇ ಸೀಳು ಶುರು. ಪೋಸ್ಟ್ ನಿಲ್ಲುವಲ್ಲಿ ಹಲಗೆ ಸೀಳುವುದು ರಿಪೇರಿಯಲ್ಲೇ ಕೆಟ್ಟದ್ದು. ಇನ್ನು ಅಂಟು: ಹವೆಯ ತೇವಕ್ಕೆ ಹಲಗೆ ಏರಿಳಿಯುತ್ತದೆ, ಆಗ ಪೋಸ್ಟನ್ನು ಅರ್ಧ ಮಿ.ಮೀ. ಸರಿಸಬೇಕಾಗುತ್ತದೆ. ಅಂಟಿಸಿದ್ದನ್ನು ಸರಿಸುವುದು ಹೇಗೆ?

ನಿಲ್ಲಿಸಲು ಸೆಟರ್ ಎಂಬ ಎಸ್ ಆಕಾರದ ಲೋಹದ ಸಲಕರಣೆ ಬೇಕು. ಅದರ ಚೂಪು ತುದಿಗೆ ಕಡ್ಡಿಯನ್ನು ಚುಚ್ಚಿ ಇ ಬದಿಯ ಎಫ್ ರಂಧ್ರದಿಂದ ಒಳಗೆ ಬಿಡುತ್ತಾರೆ. ಬಗ್ಗಿಸಿದ ಸೈಕಲ್ ಕಡ್ಡಿಯಲ್ಲಿ ಸಾಧಿಸುತ್ತೇವೆ ಎನ್ನುವ ಪಂಡಿತರು ಆ ರಂಧ್ರದ ಅಂಚನ್ನೇ ಕಿತ್ತಿರುತ್ತಾರೆ. ತಿಳಿದವರ ಬಳಿ ಒಯ್ಯಿರಿ.

ಪ್ರಶ್ನೆ: ಕುದುರೆ ಮುಂದಕ್ಕೆ ವಾಲುತ್ತಿದೆ.

ಉತ್ತರ: ಶ್ರುತಿ ಏರಿಸಿದಂತೆಲ್ಲ ತಂತಿ ಅದರ ತಲೆಯನ್ನು ಬೆರಳೊತ್ತುವ ಪಟ್ಟಿ, ಅಂದರೆ ಫಿಂಗರ್‌ಬೋರ್ಡ್ ಕಡೆ ಎಳೆಯುತ್ತದೆ. ತಂತಿ ಸ್ವಲ್ಪ ಸಡಿಲಿಸಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ತನ್ನಿ. ಟೇಲ್‌ಪೀಸ್ ಬದಿಯ ಮುಖ ಹಲಗೆಗೆ ಲಂಬವಾಗಿರಬೇಕು. ಕುದುರೆಯ ಮೇಲೆ ತಂತಿ ಕೂರುವ ಕಚ್ಚುಗಳಿಗೆ ಮೆದು ಪೆನ್ಸಿಲ್ ಉಜ್ಜಿ.

ಪ್ರಶ್ನೆ: ಒಳಗೆ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವರಿಯ ಚೀಟಿ ಇದೆ, ಬೆಲೆ ಎಷ್ಟಾದೀತು?

ಉತ್ತರ: ಕಾರ್ಖಾನೆಗಳು ಆ ಚೀಟಿಯನ್ನು ರಾಶಿಗಟ್ಟಲೆ ಅಚ್ಚು ಹಾಕಿಸಿ ಅಂಟಿಸಿವೆ. ಚೀಟಿ ನೋಡಿ ಬೆಲೆ ಕಟ್ಟುವುದಿಲ್ಲ.

ಪ್ರಶ್ನೆ: ಬಿಲ್ಲಿಗೆ ಹಚ್ಚುವ ರಾಳದ (ರೋಸಿನ್) ಕಲೆಯನ್ನು ಸ್ಪಿರಿಟ್‌ನಿಂದ ಒರೆಸಬಹುದೇ?

ಉತ್ತರ: ಬೇಡ. ರೋಸಿನ್ ಜೊತೆ ವಾರ್ನಿಷ್ ಕೂಡ ಕಿತ್ತು ಬರುತ್ತದೆ. ನುಡಿಸಿದ ಕೂಡಲೇ ಒಣಬಟ್ಟೆಯಿಂದ ಒರೆಸಿ.